ಆರನೆಯ ದಿನದ ಕ್ಯಾಪ್ಚರ್

ನಮ್ಮ ಹೆಡ್ ಮಾಸ್ಟ್ರು ವೆಂಕಟಕೃಷ್ಣರು ಎರ್ನಾಕುಳದಲ್ಲಿ ಮೂರು ದಿನದ ಲೀಡರ್‌ಶಿಪ್ ಟ್ರೈನಿಂಗ್ ಮುಗಿಸಿ ಬಂದದ್ದು ಎಪ್ರಿಲ್ ಕೊನೆಗೆ. ಹೋಗುವಾಗ ಅವರು ಸಾಧು ಮನುಷ್ಯ. ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವರು. 'ದಯವಿಟ್ಟು' ಎನ್ನದೆ ಕಿಟಕಿ ಮುಚ್ಚಲು ಸಹ ಯಾರಿಗೂ ಹೇಳಿದವರಲ್ಲ. ಬರುವಾಗ ಒಂದು ನೀಲಿ ಫೈಲು, ಒಂದು ಪುಕ್ಕಟೆ ಪೆನ್ನು ಮತ್ತು ಒಂದು ಸೈನ್ಯಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಶಬ್ದಗಳನ್ನು ಹಿಡಿದುಕೊಂಡು ಬಂದಿದ್ದರು.

"ಇನ್ನು ನಾವು ಮಕ್ಕಳನ್ನು ಕರೀಲಿಕ್ಕೆ ಹೋಗುದಲ್ಲ," ಎಂದರು ಸ್ಟಾಫ್ ಮೀಟಿಂಗಿನಲ್ಲಿ. "ಕ್ಯಾಪ್ಚರ್ ಮಾಡ್ಲಿಕ್ಕೆ ಹೋಗುದು."

ನಾಲ್ಕನೆಯ ತರಗತಿಯ ಪ್ರೇಮನಾಥ ಮಾಸ್ಟ್ರು ಬಾಯಲ್ಲಿದ್ದ ಅವಲಕ್ಕಿಯನ್ನು ನುಂಗಿ ಕೇಳಿದರು: "ಹಗ್ಗ ಶಾಲೆಯಿಂದ ಕೊಡ್ತಾರಾ ಮಾಸ್ಟ್ರೇ, ಅಲ್ಲ ನಾವೇ ತರ್ಬೇಕಾ?"

ಹೆಡ್ ಮಾಸ್ಟ್ರು ನಗಲಿಲ್ಲ. ಲೀಡರುಗಳು ನಗಬಾರದೆಂದು ಎರಡನೆಯ ದಿನದ ಕ್ಲಾಸಿನಲ್ಲಿ ಹೇಳಿದ್ದರೋ ಏನೋ. ಬೋರ್ಡಿನ ಮೇಲೆ ಎಣ್ಮಕಜೆ ಪಂಚಾಯತಿನ ನಕ್ಷೆ ಬರೆದರು. ಅದನ್ನು ನಾಲ್ಕು ಪಾಲು ಮಾಡಿ ಪ್ರತಿಯೊಂದಕ್ಕೂ 'ಟೆರಿಟರಿ' ಎಂದು ಹೆಸರಿಟ್ಟರು. ಅಂಗನವಾಡಿಗಳಿಗೆಲ್ಲ ಕೆಂಪು ಚಾಕಿನ ಸುತ್ತು. ಅವು 'ಟಾರ್ಗೆಟ್'. ನಡುವಿನಲ್ಲಿ ಒಂದು ದೊಡ್ಡ ಚೌಕ ಹಾಕಿ ಅದಕ್ಕೆ ಕತ್ತರಿ ಹೊಡೆದರು. ಅದು ಲಿಟ್ಲ್ ಕಾಂಕರರ್ಸ್ ಇಂಗ್ಲಿಷ್ ಮೀಡಿಯಂ ಶಾಲೆ. ಆ ಹೆಸರಿಗೆ ಪುಟಾಣಿ ದಿಗ್ವಿಜಯಿಗಳು ಎಂದು ಅರ್ಥ. ಐದು ವರ್ಷದ ಮಗು ಯಾವ ರಾಜ್ಯ ಗೆದ್ದದ್ದು ಎಂದು ನಮ್ಮೂರಿನಲ್ಲಿ ಯಾರೂ ಕೇಳಿಲ್ಲ. ಹಳದಿ ಬಸ್ಸಿನ ಮೇಲೆ ಬರೆದದ್ದಕ್ಕೆಲ್ಲ ಅರ್ಥ ಕೇಳಿಕೊಂಡು ಕೂತರೆ ಬಸ್ಸು ನಿಲ್ಲುವುದಿಲ್ಲವಲ್ಲ.

ಹಾಗೆ ನೋಡಿದರೆ ಹೆಡ್ ಮಾಸ್ಟ್ರನ್ನು ಹಾಸ್ಯ ಮಾಡುವ ಅಧಿಕಾರ ನಮಗಿರಲಿಲ್ಲ. ಟ್ರೈನಿಂಗಿಗೆ ಮೊದಲೂ ನಮ್ಮ ಶಾಲೆ ಮಾತಾಡುತ್ತಿದ್ದದ್ದು ದಂಡಿನ ಭಾಷೆಯನ್ನೇ. ಮಕ್ಕಳ ಸಂಖ್ಯೆಗೆ ನಾವು 'ಸ್ಟ್ರೆಂತ್' ಎನ್ನುತ್ತೇವೆ. ಮೂಗು ಸುರಿಸುವ ಮೂವತ್ತು ಮಕ್ಕಳಿಗೆ 'ಡಿವಿಷನ್' ಎನ್ನುತ್ತೇವೆ. ಮಕ್ಕಳು ಕಡಿಮೆಯಾದರೆ ಆ ಡಿವಿಷನ್ ಕೋಟೆಯ ಹಾಗೆ 'ಫಾಲ್' ಆಗುತ್ತದೆ, ಅದರೊಡನೆ ಒಂದು 'ಪೋಸ್ಟ್' ಬೀಳುತ್ತದೆ. ಉಳಿದ ರಜೆಯನ್ನು ವರ್ಷಕ್ಕೊಮ್ಮೆ ಫಾರಂ ತುಂಬಿಸಿ 'ಸರೆಂಡರ್' ಮಾಡುತ್ತೇವೆ. ಸೋಲಲಿಕ್ಕೂ ಎರಡು ಪ್ರತಿ ಅರ್ಜಿ ಹಾಕುವ ಸೈನ್ಯ ಚರಿತ್ರೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೂನಿನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ನಮ್ಮಲ್ಲಿ ಮಕ್ಕಳ ಎಣಿಕೆ. ಆ ದಿನ ಬೆಂಚಿನ ಮೇಲೆ ಎಷ್ಟು ತಲೆಗಳುಂಟೋ ಅದಕ್ಕೆ ಸರಿಯಾಗಿ ಆ ವರ್ಷದ ಟೀಚರುಗಳು. ನಮ್ಮ ಒಂದನೆಯ ತರಗತಿಯಲ್ಲಿ ಮೂವತ್ತೊಂದು ಮಕ್ಕಳಾದರೆ ಎರಡು ಡಿವಿಷನ್, ಇಬ್ಬರು ಟೀಚರು. ಮೂವತ್ತೇ ಆದರೆ ಒಂದು ಡಿವಿಷನ್, ಒಬ್ಬರು ಟೀಚರು; ಹೆಚ್ಚಾದವರು, ಅಂದರೆ ಸರ್ವಿಸಿನಲ್ಲಿ ಎಲ್ಲರಿಗಿಂತ ಕಿರಿಯರು, ಮನೆಗೆ. ಮೊದಲೆಲ್ಲ ಆ ದಿನಕ್ಕೆ ನೆಂಟರ ಮಕ್ಕಳನ್ನು ತಂದು ಕೂರಿಸುವ ಉಪಾಯವಿತ್ತಂತೆ. ಆಧಾರ್ ನಂಬರು ಕಂಪ್ಯೂಟರಿಗೆ ಹಾಕುವ ಪದ್ಧತಿ ಬಂದ ಮೇಲೆ ಒಂದು ಮಗು ಒಂದೇ ಶಾಲೆಯಲ್ಲಿ ಇರಬೇಕಾಯಿತು.

ಎಲ್ಲರಿಗಿಂತ ಕಿರಿಯವಳು ನಾನು. ಮೂವತ್ತಾರು ವರ್ಷ ಪ್ರಾಯ, ಆಗಲೇ ನೋಯುವ ಮೊಣಕಾಲು, ಒಂದು ಮಗು. ಆದರೂ ನನ್ನನ್ನು ಕಿರಿಯವಳು ಎನ್ನುವ ಜಾಗ ಪ್ರಪಂಚದಲ್ಲಿ ಅದೊಂದೇ. ಆ ಕಿರಿತನಕ್ಕಾಗಿ ಒಂಬತ್ತು ವರ್ಷ ಅಲ್ಲಿ ಇಲ್ಲಿ ದಿನಗೂಲಿಯ ಮೇಲೆ ಪಾಠ ಮಾಡಿದ್ದೆ. ಪೋಸ್ಟ್ ಬಿದ್ದರೆ ಮತ್ತೆ ಅಲ್ಲಿಂದಲೇ ಆರಂಭ.

"ನಮಿತಾ ಟೀಚರ್," ಎಂದರು ಹೆಡ್ ಮಾಸ್ಟ್ರು, ನಕ್ಷೆಯ ಮೇಲಿನ ಮೂಲೆಯನ್ನು ಚಾಕಿನಿಂದ ತಟ್ಟಿ, "ಗೇರು ತೋಟದ ಬದಿ ನಿಮ್ಮ ಟೆರಿಟರಿ. ಡಾಮಿನೇಟ್ ಮಾಡ್ಬೇಕು."

ನನ್ನ ಮಾತನ್ನು ಮನೆಯ ಬೆಕ್ಕು ಸಹ ಕೇಳುವುದಿಲ್ಲ ಎಂದು ಹೇಳುವ ಸಂದರ್ಭ ಅದಾಗಿರಲಿಲ್ಲ.

*

ಮೇ ತಿಂಗಳಿಡೀ ನಾವು ಜೀಪಿನಲ್ಲಿ ದಿಗ್ವಿಜಯಕ್ಕೆ ಹೊರಟೆವು. ಬೆಳಿಗ್ಗೆ ಐದಕ್ಕೆದ್ದು ದೋಸೆ ಹೊಯ್ದು, ಅತ್ತೆಯ ಶುಗರಿನ ಮಾತ್ರೆ ಎತ್ತಿಟ್ಟು, ಮಗಳ ತಲೆ ಬಾಚಿ, ಒಂಬತ್ತಕ್ಕೆ ನಾನು ದಂಡಯಾತ್ರೆಗೆ ತಯಾರು. ನಮ್ಮ ಕೈಯಲ್ಲಿ ಆಯುಧವೆಂದರೆ ಸೇರುವ ಮಕ್ಕಳಿಗೆ ಪುಕ್ಕಟೆ ಹಂಚುವ ಕೊಡೆ, ಬ್ಯಾಗು ಮತ್ತು ಮಾತೃಭಾಷೆಯ ಮಹತ್ವ. ಕೊಡೆಗೆ ಎಲ್ಲ ಕಡೆ ಬೇಡಿಕೆ ಇತ್ತು.

ನಮ್ಮ ಕಡೆಯ ಜನರಿಗೆ ಒಂದು ಗುಣವುಂಟು. ಮನೆಗೆ ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದಿಲ್ಲ. ಬೆಲ್ಲ-ನೀರು ಕೊಟ್ಟು, ಕೂರಿಸಿ, ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಕೊನೆಗೆ "ಕಳಿಸುವಾ" ಎನ್ನುತ್ತಾರೆ. ಹೆಡ್ ಮಾಸ್ಟ್ರು ಪ್ರತಿ ಕಳಿಸುವಾಕ್ಕೆ ಫೈಲಿನಲ್ಲಿ ಒಂದು ಟಿಕ್ ಹಾಕಿ 'ಕ್ಯಾಪ್ಚರ್ಡ್' ಎಂದು ಬರೆದರು. ಇದೇ ಊರಿನಲ್ಲಿ ಹುಟ್ಟಿ, ಮದುವೆಗಳಿಗೆ "ಬರುವಾ" ಎಂದು ಹೇಳಿ ಹೋಗದೆ ಕೂತು ಬೆಳೆದ ಮನುಷ್ಯ ಇದನ್ನು ನಂಬಿದ್ದು ಟ್ರೈನಿಂಗಿನ ಮಹಿಮೆ. ಒಂದು ಮನೆಯ ಜಗಲಿಯಲ್ಲಿ ಮೂರು ಶಾಲೆಗಳ ಹೆಸರಿದ್ದ ಮೂರು ಹೊಸ ಕೊಡೆಗಳು ಸಾಲಾಗಿ ನೇತಾಡುತ್ತಿದ್ದವು. ಆ ಮನೆಗೂ ಟಿಕ್ ಬಿತ್ತು.

"ಈ ಮನೆ ಮೂರು ರಾಜರಿಗೆ ಕಪ್ಪ ಕೊಡ್ತದೆ ಮಾರಾಯ್ರೆ," ಎಂದರು ಪ್ರೇಮನಾಥ ಮಾಸ್ಟ್ರು, ಜೀಪು ಹತ್ತುತ್ತಾ.

"ಅಲ್ಲ, ಮೂರು ರಾಜರು ಇವರಿಗೆ ಕೊಡೆ ಕೊಟ್ಟದ್ದು," ಎಂದೆ.

"ನೆಗೆಟಿವ್ ಮಾತಾಡ್ಬೇಡಿ ಟೀಚರ್," ಎಂದು ಹೆಡ್ ಮಾಸ್ಟ್ರು ಮುಂದಿನ ಸೀಟಿನಿಂದ ಗದರಿದರು. "ಮೈಂಡನ್ನು ಕಂಟ್ರೋಲಲ್ಲಿ ಇಟ್ಕೊಳ್ಳಿ."

ಬೋಜನ ಮನೆ ನನ್ನ ಟೆರಿಟರಿಯ ತುತ್ತತುದಿ. ಜೀಪು ಅರ್ಧದಲ್ಲೇ ಕೈ ಚೆಲ್ಲಿತು, ಉಳಿದದ್ದನ್ನು ನಡೆದೆವು. ಬೋಜ ಗೇರು ತೋಟದ ಕೆಲಸದವನು. ಅವನ ಹೆಂಡತಿ ಅಕ್ಕು ಬೀಡಿ ಕಟ್ಟುತ್ತಾಳೆ. ಅವರ ಮಗ ವಿಜೇತ್‌ಗೆ ಆ ಜೂನಿಗೆ ಒಂದನೆಯ ತರಗತಿ. ಬೋಜ ಅಂಗಳದಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದ. ಅಕ್ಕು ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸುತ್ತಿದ್ದವಳು ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದಳು.

ಹೆಡ್ ಮಾಸ್ಟ್ರು ಗಂಟಲು ಸರಿಪಡಿಸಿಕೊಂಡು ಆರಂಭಿಸಿದರು. ಮನೆಮಾತಿಗೆ ಹತ್ತಿರದ ಭಾಷೆಯಲ್ಲಿ ಕಲಿತ ಮಗುವಿನ ಬುದ್ಧಿ ಹೇಗೆ ಅರಳುತ್ತದೆ, ಇಂಗ್ಲಿಷ್ ಹೇಗೆ ಎಳೆಯ ಮನಸ್ಸನ್ನು ಆಳುತ್ತದೆ, ನಮ್ಮತನ ಹೇಗೆ ಹೋಗುತ್ತದೆ ಎಂದೆಲ್ಲ ಹೇಳಿ, ಇದನ್ನು ನಾವು 'ಸ್ಟ್ರಾಂಗಾಗಿ ರೆಸಿಸ್ಟ್' ಮಾಡಬೇಕು ಎಂದು ಮುಗಿಸಿದರು. ಬೋಜ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದ. ಸೊಳೆ ತುಂಬಿದ ಬಾಳೆಲೆಯನ್ನು ನಮ್ಮ ಮುಂದಿಟ್ಟ. ಅನಂತರ, ಮೊಣಕಾಲು ನೋವು ಹೇಗುಂಟು ಎಂದು ಕೇಳುವಷ್ಟು ಸಹಜವಾಗಿ ನನ್ನನ್ನು ಕೇಳಿದ:

"ಟೀಚರಿನ ಮಗಳು ಎಲ್ಲಿ ಕಲಿಯುದು?"

ಪ್ರೇಮನಾಥ ಮಾಸ್ಟ್ರು ಸೊಳೆಯ ಬೀಜವನ್ನು ಬಹಳ ಪರೀಕ್ಷಿಸಿ ನೋಡತೊಡಗಿದರು. ಅವರ ಇಬ್ಬರು ಮಕ್ಕಳೂ ಇಂಗ್ಲಿಷ್ ಮೀಡಿಯಂ. ಹೆಡ್ ಮಾಸ್ಟ್ರು ತೆಂಗಿನ ಮರದ ತುದಿ ನೋಡಿದರು. ಅವರ ಮೊಮ್ಮಗ ಮಂಗಳೂರಿನಲ್ಲಿ ಕಲಿಯುವ ಶಾಲೆಯ ಹೆಸರು ಹೇಳಲಿಕ್ಕೆ ಅವರಿಗೇ ಬರುವುದಿಲ್ಲ. ನನ್ನ ಮಗಳು ತೃಪ್ತಿ ಎರಡು ವರ್ಷದಿಂದ ಪುಟಾಣಿ ದಿಗ್ವಿಜಯಿ. ಆ ಮಾರ್ಚಿನಲ್ಲಷ್ಟೇ ಅವಳ ಪ್ರೋಗ್ರೆಸ್ ಕಾರ್ಡಿನಲ್ಲಿ, ಉಯ್ಯಾಲೆಯ ಸರದಿಯನ್ನು ಬೇರೆ ಮಕ್ಕಳಿಗೆ ಬಿಟ್ಟುಕೊಡುತ್ತಾಳೆಂದೂ ಅವಳು ಡಾಮಿನೇಟ್ ಮಾಡಲು ಕಲಿಯಬೇಕೆಂದೂ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು. ನಾನು ಅದಕ್ಕೆ ಸಹಿಯನ್ನೂ ಹಾಕಿದ್ದೆ.

"ಈ ವರ್ಷ ಒಂದನೇ ಕ್ಲಾಸಿಗೆ," ಎಂದೆ. ಅದು ಸತ್ಯ. ಆಮೇಲೆ ಬಾಯಿ ತನ್ನಷ್ಟಕ್ಕೆ ಮುಂದೆ ಹೋಯಿತು. "ನಮ್ಮ ಶಾಲೆಗೇ."

ಬೋಜನ ಮುಖ ಅರಳಿತು. "ಕೇಳಿದೆಯಾ ಅಕ್ಕು? ಟೀಚರಿನ ಮಗಳೂ ಅಲ್ಲಿಗೇ ಅಂತೆ."

"ಹಾಗಾದ್ರೆ ನಮಗೆ ಎಂತ ಯೋಚನೆ," ಎಂದಳು ಅಕ್ಕು. "ಇವನೂ ಬರ್ಲಿ. ಅವಳ ಒಟ್ಟಿಗೆ ಕೂತ್ಕೊಳ್ಳಲಿ. ಸ್ವಲ್ಪ ಪೋಕ್ರಿ, ಟೀಚರ್. ಎರಡು ಪೆಟ್ಟು ಕೊಟ್ಟಾದ್ರೂ ಕಲಿಸಿ."

ಆ ಮನೆಯಲ್ಲಿ ಯಾರೂ "ಕಳಿಸುವಾ" ಎನ್ನಲಿಲ್ಲ. ಅದು ಒಪ್ಪಿಗೆ. ಜೀಪು ಹೊರಟ ಮೇಲೆ ಹೆಡ್ ಮಾಸ್ಟ್ರು ಫೈಲು ಬಿಡಿಸಿ ಟಿಕ್ ಹಾಕಿದರು.

"ಚೆನ್ನಾಗಿ ಹ್ಯಾಂಡಲ್ ಮಾಡಿದ್ರಿ, ಟೀಚರ್," ಎಂದರು.

ಸುಳ್ಳು ಹೇಳುವುದಕ್ಕೆ ಇಷ್ಟು ಮರ್ಯಾದೆಯ ಶಬ್ದ ಇರುವುದು ನನಗೆ ಗೊತ್ತಿರಲಿಲ್ಲ.

*

ಜೂನಿನಲ್ಲಿ ಬಲೂನು ಕಟ್ಟಿ, ಪಾಯಸ ಹಂಚಿ ಪ್ರವೇಶೋತ್ಸವ ಮಾಡಿದೆವು. ಫೈಲಿನಲ್ಲಿ ಮೂವತ್ತೆಂಟು ಕ್ಯಾಪ್ಚರುಗಳಿದ್ದವು. ಬೆಂಚಿನಲ್ಲಿ ಮೂವತ್ತು ಮಕ್ಕಳಿದ್ದರು. ಮೂರು ಕೊಡೆಯ ಮನೆಯ ಮಗು ನಾಲ್ಕನೆಯ ಶಾಲೆಗೆ ಹೋಯಿತೆಂದು ಆಮೇಲೆ ತಿಳಿಯಿತು.

ವಿಜೇತ್ ಬಂದಿದ್ದ. ಅಕ್ಕು ಅವನ ತಲೆಗೆ ನೀರು ಹಚ್ಚಿ ಬಾಚಿ, ಕೈ ಹಿಡಿದು ಎರಡು ಮೈಲಿ ನಡೆಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಬೆಂಚುಗಳನ್ನೆಲ್ಲ ಕಣ್ಣಲ್ಲೇ ಹುಡುಕಿದಳು.

"ನಿಮ್ಮ ಮಗಳು ಯಾವುದು, ಟೀಚರ್?"

"ಅವಳಿಗೆ ಜ್ವರ, ಅಕ್ಕು. ನಾಳೆ ಬರ್ತಾಳೆ."

ಮರುದಿನ ಅಕ್ಕು ಒಂದು ಹಿಡಿ ಅಮೃತಬಳ್ಳಿಯನ್ನು ಪೇಪರಿನಲ್ಲಿ ಸುತ್ತಿ ತಂದಳು. "ಕಷಾಯ ಮಾಡಿ ಕೊಡಿ. ಎರಡೇ ದಿವಸಕ್ಕೆ ಇಳೀತದೆ." ನಾನು ಅದನ್ನು ಮನೆಗೆ ಕೊಂಡುಹೋದೆ. ಇಲ್ಲದ ಜ್ವರದ ಮದ್ದನ್ನು ಎಸೆಯಲು ಮನಸ್ಸಾಗದೆ ನಾನೇ ಕುದಿಸಿ ಕುಡಿದೆ. ಬಹಳ ಕಹಿ.

ಆ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಜೀಪು ಮತ್ತೆ ಹೊರಟಿತು. ಒಂದೇ ಒಂದು ಮಗು ಬೇಕಿತ್ತು. ಪಂಚಾಯತಿನ ತುಂಬ ಐದೂವರೆ ವರ್ಷದ ಒಂದು ಮಗು ಬಾಕಿ ಇರಲಿಲ್ಲ. ಹೆಡ್ ಮಾಸ್ಟ್ರ ಶಬ್ದಗಳು ದಿನಕ್ಕೊಂದರಂತೆ ಸವೆದು ಹೋದವು. ಮೂರನೆಯ ದಿನಕ್ಕೆ ಅವರು 'ಕ್ಯಾಪ್ಚರ್' ಬಿಟ್ಟು 'ಹೇಗಾದರೂ' ಎನ್ನತೊಡಗಿದ್ದರು.

ನಾಲ್ಕನೆಯ ದಿನ ಊಟದ ಹೊತ್ತಿಗೆ ಪ್ರೇಮನಾಥ ಮಾಸ್ಟ್ರು ಬಂದು ನನ್ನ ಎದುರು ಕೂತರು. ಅವರಿಗೆ ಸುತ್ತಿ ಬಳಸಿ ಹೇಳಲಿಕ್ಕೆ ಬರುವುದಿಲ್ಲ.

"ಟೀಚರ್, ಬೇಸ್ರ ಮಾಡ್ಬೇಡಿ. ಒಂದು ಮಗು ಉಂಟು."

"ಗೊತ್ತುಂಟು ಮಾಸ್ಟ್ರೇ. ದಿನಾ ಬೆಳಿಗ್ಗೆ ನಾನೇ ಅದರ ಟೈ ಕಟ್ಟುದು."

"ನನ್ನ ಮಕ್ಕಳಿಗೆ ಪ್ರಾಯ ಹೆಚ್ಚಾಯ್ತು. ಇಲ್ಲದಿದ್ರೆ..."

"ಇಲ್ಲದಿದ್ರೆ ಎಂತ? ಸೇರಿಸ್ತಿದ್ರಾ?"

ಅವರು ಬುತ್ತಿಯ ಮುಚ್ಚಳ ತೆಗೆದರು. "ಇಲ್ಲ," ಎಂದರು. ಅವರ ಮೇಲೆ ನನಗೆ ಗೌರವ ಇರುವುದು ಇದೇ ಕಾರಣಕ್ಕೆ.

ಆ ಸಂಜೆ ಶಾರ್ಜಾದಿಂದ ಜಯಂತ್ ಫೋನು ಮಾಡಿದರು. ನನ್ನ ಗಂಡ ಅಲ್ಲಿ ಒಂದು ಗೋದಾಮಿನಲ್ಲಿ 'ಸ್ಟಾಕ್ ಕಂಟ್ರೋಲರ್'. ಊರಿನಲ್ಲಿ ಹೇಳಲಿಕ್ಕೆ ಗಟ್ಟಿಯಾದ ಹುದ್ದೆ. ಅಲ್ಲಿ ಚಾ ಕುಡಿಯಲು ಹೋಗಬೇಕಾದರೆ ಪುಸ್ತಕದಲ್ಲಿ ಸಮಯ ಬರೆದು, ಒಬ್ಬ ಸಹಿ ಹಾಕಿದ ಮೇಲೆ ಹೋಗಬೇಕು.

"ಪೋಸ್ಟು ಹೋದ್ರೆ ಹೋಗ್ಲಿ," ಎಂದರು. "ಮಗುವಿನ ಫ್ಯೂಚರ್ ಹಾಳು ಮಾಡ್ಬೇಡ. ಇಲ್ಲಿ ಇಂಗ್ಲಿಷ್ ಇಲ್ಲದವರನ್ನು ಹೇಗೆ ತುಳೀತಾರೆ ಅಂತ ನಾನು ದಿನಾ ನೋಡ್ತಾ ಇದ್ದೇನೆ."

"ನಿಮಗೆ ಇಂಗ್ಲಿಷ್ ಬರ್ತದಲ್ಲ?"

"ಬರ್ತದೆ."

"ತುಳಿಯುದಿಲ್ವಾ?"

"ತುಳೀತಾರೆ," ಎಂದರು. "ಆದ್ರೆ ಎಂತ ಹೇಳಿ ತುಳಿದದ್ದು ಅಂತ ಅರ್ಥ ಆಗ್ತದೆ."

ನಾನು ನಕ್ಕೆ, ಅವರೂ ನಕ್ಕರು. ಜಗಳ ಅಲ್ಲಿಗೆ ಅರ್ಧಕ್ಕೆ ನಿಂತಿತು. ಫೋನು ಇಡುವ ಮೊದಲು ಅವರು, "ನೀನು ಇಷ್ಟು ವರ್ಷ ಒದ್ದಾಡಿದ್ದು ನನಗೆ ಗೊತ್ತಿಲ್ವಾ? ನಿನಗೆ ಸರಿ ಕಂಡ ಹಾಗೆ ಮಾಡು," ಎಂದರು. ಇಂಥ ಮಾತನ್ನು ಗಂಡ ಹೇಳಿದರೆ ಅದು ಸ್ವಾತಂತ್ರ್ಯವೋ ಜವಾಬ್ದಾರಿ ಜಾರಿಸಿದ್ದೋ ತಿಳಿಯುವುದಿಲ್ಲ. ನಾನು ಸ್ವಾತಂತ್ರ್ಯ ಎಂದುಕೊಂಡೆ. ಬೇರೆ ಯಾರೂ ಕೊಡುವವರಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅಕ್ಕು ವಿಜೇತ್‌ನನ್ನು ಬಾಗಿಲಲ್ಲಿ ಬಿಟ್ಟವಳು ಜ್ವರದ ವಿಷಯ ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ನಿನ್ನೆ ಹಳದಿ ಬಸ್ಸಿನ ಡ್ರೈವರು ನಿಮ್ಮ ಮಗಳನ್ನು ತೋರಿಸಿದ್ರು. ಕಿಟಕಿ ಹತ್ರ ಕೂತಿದ್ಳು. ಹುಷಾರಾಗಿದ್ದಾಳೆ ಅಲ್ವಾ?" ಎಂದು ಮಾತ್ರ ಕೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಲಿಟ್ಲ್ ಕಾಂಕರರ್ಸಿಗೆ ಹೋದೆ. ಪ್ರಿನ್ಸಿಪಾಲ್ ಮೇಡಮ್ಮಿನ ಕೋಣೆಯಲ್ಲಿ ಎ.ಸಿ. ಇತ್ತು. ಗೋಡೆಯಲ್ಲಿ ಕುದುರೆಯ ಮೇಲೆ ಕೂತ ಯಾರೋ ಒಬ್ಬ ಗಡ್ಡದವನ ಚಿತ್ರ. ಮಗಳನ್ನು ಬಿಡಿಸುವ ನನ್ನ ಅರ್ಜಿ ಓದಿ ಮೇಡಂ ಕನ್ನಡಕ ತೆಗೆದರು.

"ನಿಮ್ಮ ಸ್ಟ್ರೆಂತ್ ಕಡಿಮೆ ಆಯ್ತಾ?" ಎಂದು ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು. ಅವರ ಟೀಚರುಗಳೂ ಮೇ ತಿಂಗಳಿಡೀ ವ್ಯಾನಿನಲ್ಲಿ ತಿರುಗಿದವರೇ. "ಒಂದು ಮಾತು ಹೇಳ್ತೇನೆ, ತಪ್ಪು ತಿಳೀಬೇಡಿ. ನೀವು ತಾಯಿ ಹಾಗೆ ಬಂದಿದ್ರೆ ನಾನು ಟೀಸಿ ಕೊಡ್ತಿರ್ಲಿಲ್ಲ, ಒಂದು ಗಂಟೆ ಕೂರಿಸಿ ಮಾತಾಡ್ತಿದ್ದೆ. ಟೀಚರ್ ಹಾಗೆ ಬಂದಿದ್ದೀರಿ. ನಾನೂ ಮೊದ್ಲು ಎಯ್ಡೆಡ್ ಶಾಲೆಯಲ್ಲೇ ಇದ್ದದ್ದು. ಆರನೇ ದಿನ ನನ್ನ ಪೋಸ್ಟು ಬಿದ್ದಾಗ ಯಾರೂ ಒಂದು ಮಗು ಕೊಡ್ಲಿಲ್ಲ."

ಸಹಿ ಹಾಕಿ ಕಾಗದವನ್ನು ನನ್ನತ್ತ ತಳ್ಳಿದರು. "ನಿಮ್ಮ ಮಗಳ ಸೀಟು ಖಾಲಿ ಉಳಿಯುದಿಲ್ಲ. ಅದು ಮಾತ್ರ ಹೇಳಿ ಇಡ್ತೇನೆ. ವಿ ಆಲ್ವೇಸ್ ರಿಪ್ಲೇಸ್."

ಅದನ್ನು ನಾನು ಒಣ ಜಂಭ ಎಂದುಕೊಂಡೆ. ಜಂಭದ ಒಳಗೆ ಕೆಲವೊಮ್ಮೆ ಮಾಹಿತಿಯೂ ಇರುತ್ತದೆ.

ಮನೆಗೆ ಬಂದು ತೃಪ್ತಿಯನ್ನು ಮಡಿಲಲ್ಲಿ ಕೂರಿಸಿಕೊಂಡೆ. "ನಾಳೆಯಿಂದ ನೀನು ಅಮ್ಮನ ಶಾಲೆಗೆ ಬರುದು."

"ಬಸ್ಸು ಉಂಟಾ?"

"ಇಲ್ಲ. ನನ್ನೊಟ್ಟಿಗೆ ನಡೆಯುದು."

"ಅನಘ ಬರ್ತಾಳಾ?"

"ಬೇರೆ ಮಕ್ಕಳು ಇರ್ತಾರೆ."

ಅವಳು ನನ್ನ ಬಳೆಯನ್ನು ಮೇಲೆ ಕೆಳಗೆ ಸರಿಸಿದಳು. ಆಮೇಲೆ, "ನನ್ನ ಹತ್ರ ಕೇಳ್ಲೇ ಇಲ್ಲ," ಎಂದಳು.

"ಈಗ ಕೇಳ್ತಾ ಇದ್ದೇನಲ್ಲ, ಪುಟ್ಟಾ."

"ಈಗ ಹೇಳಿದ್ದು. ಕೇಳಿದ್ದಲ್ಲ."

ಡಾಮಿನೇಟ್ ಮಾಡಲು ಕಲಿಯಬೇಕಾದ ಮಗು ಇದು ಎಂದು ಬರೆದ ಟೀಚರು ಯಾರೋ, ಅವಳಿಗೆ ಸರಿಯಾಗಿ ಕಿವಿ ಕೇಳಿಸುತ್ತಿರಲಿಲ್ಲ. ನಾನು ಮಾಡಿದ್ದು ಎಲ್ಲ ಆಳುವವರೂ ಮಾಡುವುದನ್ನೇ: ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದೆ.

*

ಆರನೆಯ ದಿನ ಬೆಳಿಗ್ಗೆ ತೃಪ್ತಿಯನ್ನು ಕರೆದುಕೊಂಡು ನೇರ ಬೋಜನ ಮನೆಗೆ ನಡೆದೆ. ಮುಖಕ್ಕೆ ಮುಖ ತೋರಿಸಿ, ಇವಳೇ ನನ್ನ ಮಗಳು, ಇವತ್ತು ನಿಮ್ಮ ಮಗನ ಪಕ್ಕದಲ್ಲಿ ಕೂರುತ್ತಾಳೆ ಎಂದು ಹೇಳಿ, ಇಬ್ಬರನ್ನೂ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗುವುದು ನನ್ನ ಲೆಕ್ಕ. ತೃಪ್ತಿ ಮೂವತ್ತೊಂದನೆಯವಳು. ರಾತ್ರಿ ಮಳೆ ಬಂದು ಗುಡ್ಡದ ದಾರಿಯೆಲ್ಲ ಕೆಸರು. ಅವಳು ಕೆಸರು ದಾಟಿ ದಾಟಿ ನಡೆದಳು. ಅರ್ಧ ದಾರಿಯಲ್ಲಿ ಚಪ್ಪಲಿ ಕಿತ್ತಾಗಲೂ ಅಳಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡಳು.

ವಿಜೇತ್ ರಸ್ತೆ ಬದಿಯ ಕಲ್ಲಿನ ಮೇಲೆ ನಿಂತಿದ್ದ. ಕುತ್ತಿಗೆಯಲ್ಲಿ ಹಳದಿ ಟೈ, ಕಾಲಲ್ಲಿ ಅಳತೆಗಿಂತ ದೊಡ್ಡದಾದ ಕಪ್ಪು ಬೂಟು. ಪಕ್ಕದಲ್ಲಿ ಅಕ್ಕು. ನನ್ನನ್ನು ಕಂಡು ಅವಳು ಓಡಿಹೋಗಲಿಲ್ಲ, ತಲೆಯೂ ತಗ್ಗಿಸಲಿಲ್ಲ.

"ನಿನ್ನೆ ಸಂಜೆ ಆ ಶಾಲೆಯ ಮೇಡಂ ಕಾರಲ್ಲಿ ಬಂದಿದ್ರು," ಎಂದಳು. "ಒಂದು ಸೀಟು ಖಾಲಿ ಆಗಿದೆಯಂತೆ. ಪುಕ್ಕಟೆ ಕೊಡ್ತೇನೆ ಅಂತ ಹೇಳಿದ್ರು. ಇವರು ಮೊದ್ಲು ಒಪ್ಪಲಿಲ್ಲ. ಅದು ಟೀಚರಿನ ಮಗಳು ಕೂತ ಜಾಗ ಅಂತ ಗೊತ್ತಾದ ಮೇಲೆ ಒಪ್ಪಿದ್ರು."

"ಅಕ್ಕು, ನೋಡು, ಇವಳನ್ನು ನಮ್ಮ ಶಾಲೆಗೆ ಸೇರಿಸಿದ್ದೇನೆ. ನಿನ್ನೆಯೇ ಬಿಡಿಸಿ ತಂದೆ. ನಾನು ಹೇಳಿದ್ದು ಸುಳ್ಳಲ್ಲ."

"ನಿನ್ನೆ ಸುಳ್ಳಾಗಿತ್ತಲ್ಲ ಟೀಚರ್." ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಬೀಡಿಯ ಎಲೆ ಆರಿಸುವವಳ ಹಾಗೆ ಒಂದೊಂದೇ ಶಬ್ದವನ್ನು ನೋಡಿ ಇಟ್ಟಳು. "ನೀವು ಐದು ದಿವಸ ಯೋಚನೆ ಮಾಡಿ ಸೇರಿಸಿದ್ರಿ. ಅಷ್ಟು ಯೋಚನೆ ಮಾಡ್ಬೇಕಾದ ಶಾಲೆಗೆ ನಾವು ಒಂದು ಗಳಿಗೆ ಯೋಚನೆ ಮಾಡದೆ ಕಳಿಸಿದ್ದೆವು. ನಮಗೆ ಗೊತ್ತಾಗುದಿಲ್ಲ ಅಂತ ನೀವು ಹೇಳಿದ ಹಾಗೆ ಕೇಳಿದ್ದು. ಈಗ ನೀವು ಮಾಡಿದ ಹಾಗೆ ಮಾಡ್ತೇವೆ. ಅಷ್ಟೇ."

ಹೆಡ್ ಮಾಸ್ಟ್ರ ನೀಲಿ ಫೈಲಿನಲ್ಲಿ ಇದಕ್ಕೆ ಉತ್ತರ ಇದ್ದಿರಬಹುದು. ನಾನು ತೃಪ್ತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ತಿರುವಿನಲ್ಲಿ ಹಳದಿ ಬಸ್ಸು ಕಾಣಿಸಿತು. ಡ್ರೈವರ್ ಕಿಟ್ಟಣ್ಣ ಎರಡು ವರ್ಷದಿಂದ ತೃಪ್ತಿಯನ್ನು ದಿನಾ ಕೊಂಡುಹೋದವನು. ಬಾಗಿಲು ತೆರೆದದ್ದೇ ತಡ, ಒಳಗಿನಿಂದ "ತೃಪ್ತೀ!" ಎಂದು ಯಾವುದೋ ಮಗು ಕೂಗಿತು. ನನ್ನ ಮಗಳು ನನ್ನ ಕೈ ಬಿಡಿಸಿಕೊಂಡು ಓಡಿದಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಬರಿಗಾಲು ಕೆಸರಿನಲ್ಲಿ.

"ಹತ್ತಿಸಿಕೊಳ್ಲಾ, ಟೀಚರ್?" ಎಂದ ಕಿಟ್ಟಣ್ಣ. ಅವನಿಗೂ ಸುದ್ದಿ ಗೊತ್ತಿತ್ತು. "ಮೇಡಂ ಹತ್ರ ನಾನು ಹೇಳ್ತೇನೆ. ಒಂದು ಹೆಚ್ಚಾದ್ರೆ ಅವ್ರು ಬೇಡ ಹೇಳುದಿಲ್ಲ."

ಲೆಕ್ಕ ಬಹಳ ಸುಲಭವಿತ್ತು. ವಿಜೇತ್ ಹೋದ ಮೇಲೆ ತೃಪ್ತಿ ಬಂದರೆ ಮೂವತ್ತು, ಬಾರದಿದ್ದರೆ ಇಪ್ಪತ್ತೊಂಬತ್ತು. ಎರಡರಲ್ಲೂ ನನ್ನ ಪೋಸ್ಟ್ ಇಲ್ಲ. ಬಿಟ್ಟುಬಿಟ್ಟರೆ ನನಗೆ ಏನೂ ನಷ್ಟವಿರಲಿಲ್ಲ. ಹಿಡಿದಿಟ್ಟರೆ ಲಾಭವೂ ಇರಲಿಲ್ಲ. ಅಕ್ಕು ನನ್ನನ್ನೇ ನೋಡುತ್ತಿದ್ದಳು. ನಾನೇನು ಮಾಡುತ್ತೇನೆಂದು ತಿಳಿಯುವ ಆಸೆ ಅವಳ ಕಣ್ಣಲ್ಲಿತ್ತು, ಅಷ್ಟೇ, ಬೇರೇನಿರಲಿಲ್ಲ.

ನಾನು ಹೋಗಿ ಮಗಳ ಮಣಿಕಟ್ಟು ಹಿಡಿದೆ.

"ಇಲ್ಲ ಕಿಟ್ಟಣ್ಣ. ಇವಳು ನಮ್ಮ ಶಾಲೆಗೆ."

ಅವಳು ಬಾಗಿಲ ಕಂಬಿ ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಬೇಕಾಯಿತು. ಐದು ಬೆರಳು ಬಿಡಿಸುವಷ್ಟು ಹೊತ್ತು ಬಸ್ಸಿನ ಮಕ್ಕಳೆಲ್ಲ ನೋಡಿದವು. ಆಮೇಲೆ ವಿಜೇತ್ ಹತ್ತಲು ಹೋದ. ಮೆಟ್ಟಿಲು ಎತ್ತರ, ಬೂಟು ಭಾರ, ಎರಡು ಸಲ ಜಾರಿದ. ಅಕ್ಕುವಿನ ಕೈಯಲ್ಲಿ ಬ್ಯಾಗು, ಬುತ್ತಿ, ಕೊಡೆ ಇದ್ದವು. ನಾನೇ ಒಂದು ಕೈಯಲ್ಲಿ ಅವನ ಕಂಕುಳು ಹಿಡಿದೆತ್ತಿ ಒಳಗೆ ನಿಲ್ಲಿಸಿದೆ. ಇನ್ನೊಂದು ಕೈ ಮಗಳ ಮಣಿಕಟ್ಟಿನಲ್ಲೇ ಇತ್ತು.

ಒಂದೂವರೆ ತಿಂಗಳು ನಡೆದ ದಂಡಯಾತ್ರೆಯಲ್ಲಿ ನಾನು ಬಲದಿಂದ ಸೆರೆಹಿಡಿದದ್ದು ಒಬ್ಬಳನ್ನೇ.

ಶಾಲೆಗೆ ತಲುಪುವಾಗ ಹೆಡ್ ಮಾಸ್ಟ್ರು ಗೇಟಿನಲ್ಲೇ ನಿಂತಿದ್ದರು. ತೃಪ್ತಿಯನ್ನು ಕಂಡು ಎರಡೂ ಕೈ ಮೇಲೆತ್ತಿದರು. ಅವಳ ಹಿಂದೆ ಯಾರೂ ಇಲ್ಲದ್ದನ್ನು ಕಂಡು ನಿಧಾನವಾಗಿ ಇಳಿಸಿದರು. ತಮ್ಮ ಫ್ಲಾಸ್ಕಿನ ಚಾವನ್ನು ಮುಚ್ಚಳಕ್ಕೆ ಬಗ್ಗಿಸಿ ನನಗೆ ಕೊಟ್ಟು, "ಕುಡೀರಿ, ಟೀಚರ್. ಎಣಿಕೆಯನ್ನು ಆಮೇಲೆ ಮಾಡುವಾ," ಎಂದರು.

ಹತ್ತೂವರೆಗೆ ಹಾಜರಿ ಪುಸ್ತಕ ಬಿಡಿಸಿದೆ. ತೃಪ್ತಿ ಕೊನೆಯ ಬೆಂಚಿನಲ್ಲಿ, ಕಿತ್ತ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಂದೊಂದೇ ಹೆಸರು ಕರೆದೆ. "ಹಾಜರು ಟೀಚರ್," "ಹಾಜರು ಟೀಚರ್," ಎಂದು ಮಕ್ಕಳು ಕಿರುಚಿದವು. ವಿಜೇತ್‌ನ ಹೆಸರಿಗೆ ಯಾರೂ ಕಿರುಚಲಿಲ್ಲ. ಅದರ ಮೇಲೆ ಕೆಂಪು ಗೆರೆ ಎಳೆದೆ. ಕೊನೆಗೆ ಕೆಳಗಿನ ಖಾಲಿ ಗೆರೆಯಲ್ಲಿ ನನ್ನ ಮಗಳ ಹೆಸರನ್ನು ನಾನೇ ಬರೆದು, ನಾನೇ ಓದಿದೆ.

ಅವಳು ಎದ್ದು ನಿಂತಳು. ಎರಡು ವರ್ಷ ಅಲ್ಲಿ ಕಲಿಸಿದಂತೆ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ನನ್ನ ಮುಖ ನೋಡದೆ, ಬೋರ್ಡನ್ನು ನೋಡುತ್ತಾ ಹೇಳಿದಳು:

"ಯೆಸ್, ಮ್ಯಾಮ್."

ಮೂವತ್ತು ಎಂದು ಬರೆದು ಸಹಿ ಹಾಕಿದೆ.